ಅಮ್ಮಿಯ ಉರ್ದು ಸಹಿ

ಯಾಸ್ಮೀನ ಬೇಟಿ,

ಹತ್ತೊಂಬತ್ತು ವರ್ಷದ ಹಿಂದೆ ನನ್ನ ಖಾತೆ ತೆರೆದ ಮ್ಯಾನೇಜರು ಮಾತು ಕೊಟ್ಟಿದ್ದರು: "ಉರ್ದುದಾಗ ಮಾಡಿದ್ರೂ ಸಹಿ ಸಹಿನೇ ಬಿಡ್ರಿ ಬೆಹೆನ್‌ಜೀ. ಈ ಬ್ಯಾಂಕಿನಾಗ ಯಾರೂ ನಿಮಗ ಹೆಬ್ಬಟ್ಟು ಒತ್ರಿ ಅನ್ನಂಗಿಲ್ಲ." ಬೇರೆ ಬ್ಯಾಂಕಿಗೆ ಹೋಗೋಣ ಎಂದು ನೀನು ಅಂದಾಗೆಲ್ಲ ಆ ಒಂದು ಮಾತಿಗಾಗಿ ನಿನ್ನ ಜೊತೆ ಜಗಳ ತೆಗೆದೆ.

ನಿನ್ನೆ ಹೊಸ ಕ್ಲಾರ್ಕು ನನ್ನ ಸಹಿ ನೋಡಿ, "ಇದೇನಬೇ, ಇರುವಿ ಹರಿದಾಡಿದಂಗ? ಸುಮ್ನ ಹೆಬ್ಬಟ್ಟು ಒತ್ತು" ಎಂದು ಮಸಿಯ ಡಬ್ಬಿ ಮುಂದೆ ದೂಡಿದ. ಸಾಲಿನಲ್ಲಿದ್ದವರು ನಕ್ಕರು. ನನ್ನ ಹತ್ತಿರ ಉರ್ದು ಅಕ್ಷರ, ಅಲಿಫ್ ಬೇ ಕಲಿತ ನಸ್ರೀನಳೂ ಅಲ್ಲೇ ನಿಂತಿದ್ದಳು. ನಿನ್ನ ಪರೀಕ್ಷೆ ಫೀಸಿಗೆ ನಿನ್ನೆಯೇ ಕಡೆಯ ದಿನ. ಒತ್ತಿದೆ.

ಐದಕ್ಕೇ ದಾಲ್ ಮಿಲ್ಲಿಗೆ ಹೋಗುತ್ತೇನೆ, ಎಬ್ಬಿಸುವುದಿಲ್ಲ. ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಯ ಬಿಸಿ ಮಾಡಿಕೊಂಡು ತಿನ್ನು.

ನನ್ನ ಆಧಾರ್, ಎರಡು ಫೋಟೊ ಟ್ರಂಕಿನ ಮೇಲಿಟ್ಟಿದ್ದೇನೆ. ಕಾಲೇಜಿನಿಂದ ಬರುವಾಗ ಬಸ್‌ಸ್ಟ್ಯಾಂಡ್ ಹತ್ತಿರದ ಬ್ಯಾಂಕಿನಲ್ಲಿ ಹೊಸ ಖಾತೆಯ ಫಾರಂ ತೆಗೆದುಕೋ. ಎಲ್ಲ ತುಂಬು, ಸಹಿಯ ಜಾಗ ಮುಟ್ಟಬೇಡ. ಉರ್ದು ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಂಡು ಬಾ. ಬಾಯಿಮಾತು ಸಾಲದು, ಬರೆದು ಕೊಡಲಿ.

ಹೌದು, ನೀನು ಹೇಳಿದ್ದೇ ಖರೆ. ಅಬ್ಬಾನ ಮುಂದೆ ಆಡಿ ತೋರಿಸಬೇಡ. ಹಳೆಯ ಬ್ಯಾಂಕು ಮಾತು ಉಳಿಸಿಕೊಳ್ಳಲಿಲ್ಲ.

ಅಮ್ಮಿ