ತುಳಿದ ಅಗ್ನಿಶಿಖೆ

ಬೀದರ್, ಸೋಮವಾರ

ಗೌರವನಿಗೆ,

ಕೋಟೆಯ ಹಿಂದಿನ ಹಳೆಯ ಕಾಲುದಾರಿಯ ಗಿಡಗಳನ್ನು ಪುಕ್ಕಟೆ ಕಾಯುತ್ತೇವೆಂದು ನಾವು ಟೂರ್ ನಡೆಸುವವರೆಲ್ಲ ಒಪ್ಪಿಕೊಂಡ ದಿನ, ನಮ್ಮ ಸಂಘದ ಹಸಿರು ಜಾಕೆಟ್ ತೊಟ್ಟು ಫೋಟೊಗೆ ಎಲ್ಲರಿಗಿಂತ ಮುಂದೆ ನಿಂತವನು ನೀನು. ನಿನ್ನೆ ಸೂರ್ಯಾಸ್ತ ತೋರಿಸುವ ಆತುರದಲ್ಲಿ ನಿನ್ನ ಪ್ರವಾಸಿಗರನ್ನು ಹೂಬಿಟ್ಟ ಅಗ್ನಿಶಿಖೆ ಬಳ್ಳಿಗಳ ಮೇಲೆಯೇ ನಡೆಸಿದವನೂ ನೀನೇ. ನಾನು ಮೇಲಿನ ತಿರುವಿನಲ್ಲಿ ನಿಂತು ನೋಡಿದೆ.

ಅಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಆದರೆ ಇಂದು ನಮ್ಮ ಸಭೆಯಲ್ಲಿ ನೀನು "ಮಡೆಪ್ಪನ ಕುರಿ ತುಳದಾವ್ರಿ" ಎಂದೆ. ಕುರಿ ಕಾಯುವ ಆ ಮುದುಕನನ್ನು ಸಂಘದವರು ಕರೆಸಿ, ಇನ್ನು ಆ ದಾರಿಗೆ ಕಾಲಿಡಬೇಡ ಎಂದರು.

"ನಿನ್ನಿ ನಾ ಈ ಕಡಿ ಬಂದೇ ಇಲ್ರಿ" ಎಂದು ಅವನು ಕೈಮುಗಿಯುವಾಗ ನೀನು ಮೊಬೈಲ್ ನೋಡುತ್ತಿದ್ದೆ.

ನಾನೆದ್ದು ಕಂಡದ್ದನ್ನು ಹೇಳಿದೆ. ಎಲ್ಲರೂ ಮಡೆಪ್ಪನ ಕ್ಷಮೆ ಕೇಳಿದರು, ನಿನ್ನ ಹೊರತು. ಹೊರಗೆ ಬಂದು ನನಗೆ ಏನೆಂದೆ? "ಕುರಿ ಕಾಯೋರಿಗಿ ಏನ್ ಫರಕ್ ಬೀಳ್ತದ, ಬಿಡು ಮಾಯಾ." ನಿನ್ನ ಜೊತೆ ಬದುಕಲು ಹೊರಟಿದ್ದೆನಲ್ಲ ಎಂದು ನನಗೇ ಅಸಹ್ಯವಾಯಿತು.

ಮಡೆಪ್ಪನ ಮನೆಗೆ ಹೋಗಿ ತಪ್ಪಾಯಿತೆನ್ನು. ಜಾಕೆಟನ್ನು ಸಂಘಕ್ಕೆ ಮರಳಿಸು, ಒಗೆದು ಕೊಡು.

ನಿನ್ನ ತಾಯಿ ಗುರುವಾರ ಭಾಲ್ಕಿಯಿಂದ ಮದುವೆ ಮಾತಿಗೆ ಬರುವವರಿದ್ದಾರೆ. ಬರಬೇಡಿರೆಂದು ನೀನೇ ಹೇಳು. ಕಾರಣವನ್ನು ನಾನು ಹೇಳಬೇಕಾಗಿ ಬಂದರೆ ನಿಜವನ್ನೇ ಹೇಳುತ್ತೇನೆ.

ಮಾಯಾ