ನೋವಿಲ್ಲದ ಗಂಟಿನ ಬಗ್ಗೆ ಡಾಕ್ಟರ್ ಸುಮತಿಯವರಿಗೆ

ಬೆಟಗೇರಿ,
ಫೆಬ್ರವರಿ ಮೂವತ್ತು, 2214

ಪ್ರೀತಿಯ ಡಾಕ್ಟರ್ ಸುಮತಿ ಕುಂದಗೋಳ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಪಾಪ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕ ಓದಿ ಕಲಿತವಳು ನಾನು. ಅಲ್ಲಲ್ಲಿ ಸೊಟ್ಟಗೆ ಕಂಡರೆ ಕ್ಷಮಿಸಿ. ಈ ಕಾಗದ ಹಿಂದಂಚೆಯಲ್ಲಿ, ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಜೀವಮಾನಕ್ಕೆ ಒಬ್ಬರಿಗೆ ಒಂದೇ ಕಾಗದ. ನಡೆದದ್ದನ್ನು ಬದಲಿಸುವಂತಿಲ್ಲ, ಸಮಾಧಾನ ಹೇಳಲು ಅಡ್ಡಿಯಿಲ್ಲ. ನನ್ನ ಪಾಲಿನ ಕಾಗದವನ್ನು ನಿಮಗೆಂದೇ ಇಟ್ಟುಕೊಂಡಿದ್ದೆ.

ನಾನು ಮುಗಿಲವ್ವ, ನಿಮ್ಮಂತೆಯೇ ಹಲ್ಲಿನ ಡಾಕ್ಟರು. ಮಗ್ಗದ ಕಸ್ತೂರವ್ವನ ಏಳನೆಯ ತಲೆಮಾರಿನವಳು. ಇಂದು ನಿಮ್ಮ ಕೈಗೆ ಅವಳ ರಿಪೋರ್ಟು ಬಂದಿದೆ: ಕೊರಳಿನ ಗಂಟು ಹಲ್ಲಿನದಲ್ಲ, ಕ್ಷಯದ್ದು. ಅವಳ ಚೀಟಿಯ ಹಿಂಬದಿಯಲ್ಲಿ ನೀವು, ‘ಇನ್ನು ನನ್ನ ಕೈಯನ್ನು ನಾನು ನಂಬುವುದು ಹೇಗೆ?’ ಎಂದು ಬರೆದಿದ್ದೀರಿ. ಆ ಚೀಟಿ ಈಗಲೂ ನಮ್ಮ ಮನೆಯಲ್ಲಿದೆ. ಓದಿದಾಗಲೆಲ್ಲ ನನಗೆ ಅಳು ಬರುತ್ತದೆ.

ಆದದ್ದಾದರೂ ಏನು? ದವಡೆಹಲ್ಲು ಹುಳುಕಾಗಿತ್ತು, ಅದೇ ಬದಿಗೆ ದವಡೆಯ ಕೆಳಗೆ ಗಂಟಿತ್ತು. ಹಲ್ಲು ಕೆಟ್ಟಾಗ ಗಂಟು ಬರುವುದು ಮಾಮೂಲು, ಹಲ್ಲು ಹೋದ ಎರಡು ವಾರದಲ್ಲಿ ಕರಗುವುದೂ ಮಾಮೂಲು. ನೀವು ಹಲ್ಲು ಕಿತ್ತು, ಬೆನ್ನು ತಟ್ಟಿ, “ನೋವಾದ್ರ ಬಾ ಯವ್ವಾ” ಎಂದು ಕಳಿಸಿದಿರಿ. ಆ ಗಂಟಿಗೆ ನೋವೇ ಇರಲಿಲ್ಲ. ಮೂರು ತಿಂಗಳ ಮೇಲೆ ಸಂತೆಯಲ್ಲಿ ಅವಳ ಸೆರಗು ಜಾರಿ, ಕೊರಳಿನ ಗಂಟು ನಿಮ್ಮ ಕಣ್ಣಿಗೆ ಬಿತ್ತು. ಕಾಯಿಪಲ್ಯದ ಚೀಲ ಕೆಳಗಿಟ್ಟು, ಅಂಗೈ ಉಜ್ಜಿ ಬಿಸಿ ಮಾಡಿಕೊಂಡು, ಅಲ್ಲೇ ನಿಂತು ಕೊರಳು ಮುಟ್ಟಿದಿರಿ.

“ಗಂಟು ಎರಡಾಗ್ಯಾವಲ್ಲ! ಯಾಕ ಬರಲಿಲ್ಲ?”

“ನೋವೇ ಆಗಲಿಲ್ರೀ ಅಕ್ಕಾರ. ನೀವ ಹೇಳಿದ್ರಲ್ಲ, ನೋವಾದ್ರ ಬಾ ಅಂತ.”

ಮರುದಿನ ಸೂಜಿ ಪರೀಕ್ಷೆಗೆ ನೀವೇ ಅವಳನ್ನು ಕರೆದುಕೊಂಡು ಹೋದಿರಿ.

ತಪ್ಪಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ನೀವು ನಂಬುವವರೂ ಅಲ್ಲ. ಆದರೆ ಮತ್ತೆ ಮುಟ್ಟಿದ್ದೂ ಅದೇ ಕೈ. ಕಸ್ತೂರವ್ವ ಆರು ತಿಂಗಳು ಬೈದುಕೊಂಡೇ ಗುಳಿಗೆ ನುಂಗಿದಳು, ನಿಮ್ಮನ್ನಲ್ಲ, ಗುಳಿಗೆಯನ್ನು. ಎಂಬತ್ತನೆಯ ವಯಸ್ಸಿನವರೆಗೂ ಮಗ್ಗ ತುಳಿದಳು. ಅವಳ ಒಬ್ಬಳೇ ಮಗಳು ಹುಟ್ಟಿದ್ದು ಇದೆಲ್ಲ ಮುಗಿದ ಮೇಲೆ.

ಈಗ ನಮ್ಮಲ್ಲಿ ಬಾಯಿಬೆಳಕು ಇದೆ. ಅದು ಕುರ್ಚಿಯ ಮೇಲೆ ತೂಗುವ ದೀಪ. ಹಲ್ಲು, ಎಲುಬು, ಗಂಟು ಎಲ್ಲ ತೋರಿಸುತ್ತದೆ. ನನಗಿಂತ ಜಾಣ, ಸ್ವಲ್ಪ ಜಂಬವೂ ಉಂಟು. ಕಿತ್ತ ಹಲ್ಲಿನ ಜಾಗದಲ್ಲಿ ಹೊಸದನ್ನು ಬಿತ್ತುತ್ತೇವೆ, ಒಂದು ಮಳೆಗಾಲದೊಳಗೆ ಮೊಳೆಯುತ್ತದೆ. ಆದರೂ ದೀಪ ಹಚ್ಚುವ ಮೊದಲು ನಾನು ಅಂಗೈ ಉಜ್ಜಿ, ಕಿವಿಯ ಹಿಂದಿನಿಂದ ಕೊರಳಿನ ಬುಡದವರೆಗೆ ಬೆರಳಿನಿಂದ ತಡವುತ್ತೇನೆ. ಒತ್ತಿದರೆ ನೋಯುತ್ತದೆಯೇ, ಜಾರುತ್ತದೆಯೇ ಅಂಟಿಕೊಂಡಿದೆಯೇ, ಎಷ್ಟು ದಿನವಾಯಿತು? ಮಕ್ಕಳು ಕಚಗುಳಿಯಾಗಿ ನಗುತ್ತವೆ. ಇದಕ್ಕೆ ನಮ್ಮೂರಿನಲ್ಲಿ ಬಿಸಿಗೈ ಎನ್ನುತ್ತಾರೆ. ಇದು ನಿಮ್ಮಿಂದ ಬಂದದ್ದು.

ನಾಳೆ ಬೆಳಿಗ್ಗೆ ಬಾಗಿಲು ತೆರೆಯಿರಿ, ಅಷ್ಟೇ ನನ್ನ ಬೇಡಿಕೆ. ನಾಳೆಯಿಂದ ರೋಗಿಗಳನ್ನು ಕಳಿಸುವಾಗ ನೀವು ಹೇಳಲಿರುವ ಮಾತು ನನಗೆ ಗೊತ್ತು. ನಮ್ಮ ಮನೆಯಿಂದ ಯಾರು ಹೊರಟರೂ ನಾವು ಅದನ್ನೇ ಹೇಳುತ್ತೇವೆ. ಮೊನ್ನೆ ಮದುವೆಯಾಗಿ ಹೊರಟ ಮಗಳ ಕೊರಳು ತಡವಿ, ನಾನೂ ಹೇಳಿದೆ: “ನೋವು ಇರದಿದ್ರೂ ಬಾ ಯವ್ವಾ.”