ಬಿಡುಗಾಲದಲ್ಲಿ ಕಟ್ಟಿದ ಮೇಕೆ

ಬೋಗಲ್ಸ್, ಕ್ಯಾರಿಯಾಕೂ ದ್ವೀಪ
೧೪ ಮಾರ್ಚ್ ೧೯೯೯, ಭಾನುವಾರ

ಪ್ರೀತಿಯ ಸಿಸ್ಲಿನ್,

ನಾನೊಬ್ಬ ಅಪರಾಧಿ. ಈ ತಪ್ಪೊಪ್ಪಿಗೆಯನ್ನು ಸ್ವಂತ ಬುದ್ಧಿಯಿಂದ, ಯಾರ ಬಲವಂತವೂ ಇಲ್ಲದೆ, ಬರೀ ನಿಂಬೆಹಣ್ಣಿನ ಪಾನಕ ಕುಡಿದುಕೊಂಡು ಬರೆಯುತ್ತಿದ್ದೇನೆ. ಇದೇ ತಿಂಗಳ ಎರಡನೇ ತಾರೀಕು, ಮಂಗಳವಾರ, ಬೆಳಿಗ್ಗೆ ಏಳು ಗಂಟೆಗೆ, ನಮ್ಮಮ್ಮನ ಮನೆಯ ಹಿತ್ತಲಿನಲ್ಲಿ, ಎಂಬತ್ತೆರಡು ವರ್ಷದ ಹೆಂಗಸೊಬ್ಬರಿಗೆ ಸೇರಿದ ಮೇಕೆಯನ್ನು ಕತ್ತಿಗೆ ಹಗ್ಗ ಹಾಕಿ ಕಟ್ಟಿದೆ. ಹಗ್ಗ ನೀನು ಬಟ್ಟೆ ಒಣಹಾಕಲು ಅಂತ ಪೆಟ್ಟಿಗೆಯಲ್ಲಿಟ್ಟ ನೀಲಿ ನೈಲಾನಿನದು. ಹೀಗಾಗಿ ಕಾನೂನಿನ ಪ್ರಕಾರ ನೀನೂ ಆರೋಪಿಯೇ.

ಮೂರು ವಾರ ಕಾಗದ ಹಾಕದೇ ಇದ್ದದ್ದಕ್ಕೆ ಕ್ಷಮಿಸು. ಮಂಡಿನೋವು ಹೇಗಿದೆ? ಹಡರ್ಸ್‌ಫೀಲ್ಡಿನಲ್ಲಿ ಹಿಮ ನಿಂತಿತೆ? ಬರೆಯಲು ಬಿಡುವಿರಲಿಲ್ಲ ಅನ್ನುವುದು ಎಲ್ಲ ಗಂಡಂದಿರ ವಾಡಿಕೆ. ನನಗೆ ಮಾತ್ರ ಬಿಡುವಿನಿಂದಲೇ ತೊಂದರೆಯಾಯಿತು. ಇಲ್ಲಿ ಈಗ ಬಿಡುಗಾಲ.

ನೀನು ಬಾರ್ಬಡೋಸಿನವಳು. ಇಸ್ತ್ರಿ ಹಾಕಿದ ಹಾಗೆ ಸಪಾಟಾದ ದ್ವೀಪ, ಇಸ್ತ್ರಿ ಹಾಕಿದಂಥ ಜನ. ನಮ್ಮ ಬಿಡುಗಾಲ ನಿನಗೆ ತಿಳಿಯದು. ಜೋಳ, ತೊಗರಿ ಮನೆಗೆ ಬಂದ ಮೇಲೆ ನಮ್ಮಲ್ಲಿ ಮೇಕೆ, ಕುರಿ, ದನ, ಕತ್ತೆ ಎಲ್ಲದರ ಹಗ್ಗ ಬಿಚ್ಚುತ್ತಾರೆ. ಮತ್ತೆ ಜೂನಿನಲ್ಲಿ ಮಳೆ ಬೀಳುವ ತನಕ ದ್ವೀಪ ಅವುಗಳದ್ದು. ಎಲ್ಲಿ ಬೇಕಾದರೂ ಮೇಯಬಹುದು, ಎಲ್ಲಿ ಬೇಕಾದರೂ ಮಲಗಬಹುದು. ಯೋಚಿಸಿ ನೋಡಿದರೆ ಪಿಂಚಣಿದಾರರ ಬದುಕೇ. ಈ ಕಾಲದಲ್ಲಿ ತೋಟ ಮಾಡುವವನು ದಡ್ಡ, ಇನ್ನೊಬ್ಬರ ಮೇಕೆ ಕಟ್ಟುವವನು ದುಷ್ಟ. ನಾನು ಎರಡನ್ನೂ ಒಂದೇ ವಾರದಲ್ಲಿ ಮಾಡಿ ಮುಗಿಸಿದೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡಿದೆ ಅಂತ ಕೇಳುತ್ತೀಯ. ಗೊತ್ತಿತ್ತು, ಮರೆತಿತ್ತು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಹಡಗು ಹತ್ತಿದವನು ನಾನು. ನಲವತ್ತೆರಡು ವರ್ಷ ಬೇಲಿಯೊಳಗಿನ ದೇಶದಲ್ಲಿ ಇದ್ದೆ. ಅಲ್ಲಿ ಪಕ್ಕದ ಮನೆಯವರ ಸೇಬು ನಮ್ಮ ಕಡೆ ಬಿದ್ದರೆ ಬಾಗಿಲು ತಟ್ಟಿ ವಾಪಸು ಕೊಟ್ಟು ಬರುತ್ತಿದ್ದೆವು, ನೆನಪಿದೆಯಲ್ಲ?

ನಾನು ಎಲೆಕೋಸಿನ ಸಸಿ ನೆಡುತ್ತಿದ್ದಾಗ ಕ್ಯಾನ್ಯೂಟ್ ಬೇಲಿಗೆ ಒರಗಿ ನಿಂತು ನೋಡಿದ. ಕ್ಯಾನ್ಯೂಟ್ ಅಂದರೆ ನನ್ನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ನನ್ನ ಲೆಕ್ಕ ನಕಲು ಹೊಡೆದು, ನನಗಿಂತ ಹೆಚ್ಚು ಅಂಕ ತೆಗೆದವನು. ಈಗ ಅಂಗಡಿ ಇಟ್ಟಿದ್ದಾನೆ, ಗೆಳೆಯರನ್ನೆಲ್ಲ 'ಕಂಪೇ' ಅನ್ನುತ್ತಾನೆ.

"ಏ ಕಂಪೇ, ಬಿಡುಗಾಲದಲ್ಲಿ ಕೋಸು ಹಾಕ್ತಿದ್ದೀಯಲ್ಲ, ಯಾರಿಗೆ ಬಡಿಸೋಕೋ?"

"ನನಗೇ."

"ಬಾವಿ ಒಣಗಿದೆ, ತೊಟ್ಟಿಯಲ್ಲಿರೋದು ಕುಡಿಯೋ ನೀರು. ಅದನ್ನ ಕೋಸಿಗೆ ಕುಡಿಸಿ, ಕೋಸನ್ನ ಮೇಕೆಗೆ ತಿನ್ನಿಸಿ, ಕೊನೇಲಿ ನೀನು ಏನು ತಿಂತೀಯ, ಮೇಷ್ಟ್ರೇ? ವ್ಯಾಕರಣಾನಾ?"

"ಬೇಲಿ ಇದೆಯಲ್ಲೋ."

"ಬೇಲಿ ಇದೆ ಅಂತ ನಿನಗೆ ಗೊತ್ತು, ನನಗೆ ಗೊತ್ತು. ಮೇಕೆಗೆ ಯಾರು ಹೇಳ್ತಾರೆ?" ಅಂದು ಹೊರಟುಹೋದ.

ನನ್ನಂಥವರಿಗೆ ಇಲ್ಲಿ ಜೆಸಿಬಿ ಅಂತ ಹೆಸರು. 'ಜಸ್ಟ್ ಕಮ್ ಬ್ಯಾಕ್', ಅಂದರೆ ಈಗ ತಾನೆ ವಾಪಸು ಬಂದವನು. ಆ ಹೆಸರಿನ ಹಳದಿ ಯಂತ್ರಕ್ಕೂ ನಮಗೂ ಹೆಚ್ಚು ವ್ಯತ್ಯಾಸವಿಲ್ಲ ಅನ್ನುವುದು ಊರಿನ ಅಭಿಪ್ರಾಯ. ಬಂದ ಕೂಡಲೇ ದೊಡ್ಡ ಸದ್ದು ಮಾಡುತ್ತೇವೆ, ಚೆನ್ನಾಗಿದ್ದ ಜಾಗವನ್ನು ಅಗೆದುಹಾಕುತ್ತೇವೆ.

ಅಂತೂ ಎರಡನೇ ತಾರೀಕು ಮೇಕೆ ಬೇಲಿ ಹಾರಿತು. ಹನ್ನೊಂದು ಸಸಿ ತಿಂದಿತು. ಹನ್ನೆರಡನೆಯದನ್ನು ಬಾಯಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡಿತು. ಹಿಂದಿನ ಬೆಂಚಿನಲ್ಲಿ ಕೂತು ಕಡಲೆ ತಿನ್ನುವ ವಿದ್ಯಾರ್ಥಿ ಮೇಷ್ಟರನ್ನು ನೋಡುವ ನೋಟ ಅದು. ಮೂವತ್ತು ವರ್ಷ ಸಂಜೆ ಕಾಲೇಜಿನಲ್ಲಿ ವ್ಯಾಕರಣ ಕಲಿಸುತ್ತಾ ಆ ನೋಟ ಸಹಿಸಿಕೊಂಡಿದ್ದೆ. ಈಗ ಸಂಬಳವೂ ಇಲ್ಲ, ಯಾಕೆ ಸಹಿಸಲಿ? ಬೇಲಿ ಹಾರಿದವರಿಗೆ ಬೇಲ್ ಇಲ್ಲ ಅಂತ ತೀರ್ಪು ಕೊಟ್ಟು ಸೀಬೆಮರಕ್ಕೆ ಕಟ್ಟಿದೆ. ಕೋಸಿನಲ್ಲಿ ಶುರುವಾದದ್ದು ಹೀಗೆ ಕೇಸಾಯಿತು.

ಮೇಕೆಯ ಒಡತಿ ಟ್ಯಾಂಟಿ ಯೂಲಾ ಆಗ ಊರಲ್ಲಿರಲಿಲ್ಲ, ದೋಣಿ ಹತ್ತಿ ಗ್ರೆನಡಾಕ್ಕೆ ಹೋಗಿದ್ದರು. ನಮ್ಮಮ್ಮನ ಗೆಳತಿ ಅವರು. ಊರಿಗೆಲ್ಲ ಟ್ಯಾಂಟಿ, ಊರಿಗೆಲ್ಲ ಚಿಕ್ಕಮ್ಮ. ನನ್ನನ್ನು ಚಡ್ಡಿ ಇಲ್ಲದಾಗಿನಿಂದ ಕಂಡವರು. ಅವರು ಬರುವ ತನಕ ನಾಲ್ಕು ದಿನ ಕೈದಿಗೆ ಊಟ ಹಾಕಬೇಕಾಯಿತು. ಕೋಸು ಮುಗಿದಿತ್ತು. ನನ್ನ ಹೊಟ್ಟೆ ಸರಿಯಿರಲಿ ಅಂತ ನೀನು ಕಳಿಸಿದ್ದ ಗೋಧಿ ಬಿಸ್ಕತ್ತು ಕೊಟ್ಟೆ. ಸಿಸ್ಲಿನ್, ಇಷ್ಟು ವರ್ಷದಲ್ಲಿ ಆ ಬಿಸ್ಕತ್ತನ್ನು ಪ್ರೀತಿಯಿಂದ ತಿಂದವರನ್ನು ನಾನು ಮೊದಲ ಸಲ ನೋಡಿದ್ದು. ತಿನ್ನುತ್ತಾ ಅದು ನನ್ನ ಮಾತು ಕೇಳುತ್ತಿತ್ತು. ನಾನು ನಿನಗೆ ಹೇಳಬೇಕೆಂದುಕೊಂಡ ಎಷ್ಟೋ ಜೋಕುಗಳನ್ನು ಅದಕ್ಕೆ ಹೇಳಿದೆ. ಅದು ನಗಲಿಲ್ಲ. ನೀನೂ ನಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಟ್ಯಾಂಟಿ ದೋಣಿಯಿಂದ ಇಳಿದವರು ನೇರವಾಗಿ ನಮ್ಮ ಗೇಟಿಗೆ ಬಂದರು. ತಲೆಯ ಮೇಲೆ ಗಂಟು, ಕೈಯಲ್ಲಿ ಕೊಡೆ. ಇಲ್ಲಿ ಗುಡ್ ಮಾರ್ನಿಂಗ್ ಹೇಳದೆ ಜಗಳ ಕೂಡ ಶುರುವಾಗುವುದಿಲ್ಲ.

"ಗುಡ್ ಮಾರ್ನಿಂಗ್ ಆಲ್ಬನ್."

"ಗುಡ್ ಮಾರ್ನಿಂಗ್ ಟ್ಯಾಂಟಿ."

"ನಿದ್ದೆ ಬಂತೇನಪ್ಪಾ?"

"ಬಂತು ಟ್ಯಾಂಟಿ."

"ಹೊಟ್ಟೆಗೇನಾದ್ರೂ ಹಾಕ್ಕೊಂಡ್ಯಾ?"

"ಚಹಾ ಆಯ್ತು ಟ್ಯಾಂಟಿ."

"ಹಾಗಾದ್ರೆ ಈಗ ಹೇಳು. ನನ್ನ ಡಚೆಸ್ ಕತ್ತಿಗೆ ಹಗ್ಗ ಹಾಕೋಷ್ಟು ಕೊಬ್ಬು ನಿನಗೆ ಎಲ್ಲಿಂದ ಬಂತೋ, ಇಂಗ್ಲಿಷ್?"

ಆಲ್ಬನ್ ಅಂತ ಶುರುವಾಗಿ ಇಂಗ್ಲಿಷ್ ಅಂತ ಮುಗಿಯಿತು. ನೋಡುನೋಡುತ್ತಿದ್ದಂತೆ ನನ್ನ ಪೌರತ್ವ ಹೋಯಿತು.

"ಅದು ಬೇಲಿ ಹಾರಿ ಬಂತು ಟ್ಯಾಂಟಿ."

"ಬೇಲಿ ಅದರ ದಾರಿಗೆ ಅಡ್ಡ ಬಂತು. ನಿಮ್ಮಮ್ಮ ಇದ್ದಾಗ ಇಲ್ಲಿ ಬೇಲಿ ಇತ್ತೇನೋ? ಡಚೆಸ್ ಅವ್ವ, ಅದರವ್ವ, ಎಲ್ಲ ಇದೇ ಹಿತ್ತಲಲ್ಲಿ ಮಲಗಿದ್ದು. ನೀನು ಎಲ್ಲಿ ಮಲಗಿದ್ದೆ ಆಗ?"

ಮಧ್ಯಾಹ್ನ ವಿಚಾರಣೆ ಕ್ಯಾನ್ಯೂಟನ ಅಂಗಡಿ ಜಗಲಿಗೆ ಹೋಯಿತು. ಅವನೇ ನ್ಯಾಯಾಧೀಶ, ಯಾಕೆಂದರೆ ಕುರ್ಚಿ ಇದ್ದದ್ದು ಒಂದೇ. ಮುಂದೆ ಜ್ಯಾಕ್ ಐರನ್ ರಮ್ಮಿನ ಲೋಟ; ಅದರಲ್ಲಿ ಮಂಜುಗಡ್ಡೆ ತೇಲುವುದಿಲ್ಲ, ಮುಳುಗುತ್ತದೆ. ಆ ಮಂಜುಗಡ್ಡೆಯನ್ನು ನೋಡುತ್ತಲೇ ನನ್ನ ಕೇಸಿನ ಗತಿ ನನಗೆ ತಿಳಿಯಿತು.

ನಾನು ಎದ್ದು ನಿಂತು ಸಣ್ಣದೊಂದು ಭಾಷಣ ಮಾಡಿದೆ. ಸ್ವಾತಂತ್ರ್ಯ ಅಂದರೆ ಸ್ವೇಚ್ಛೆಯಲ್ಲ, ಒಬ್ಬನ ಸ್ವಾತಂತ್ರ್ಯ ಇನ್ನೊಬ್ಬನ ಎಲೆಕೋಸಿನ ಬುಡದಲ್ಲಿ ಮುಗಿಯುತ್ತದೆ ಅಂದೆ. ಚೆನ್ನಾಗಿಯೇ ಇತ್ತು. ಹಡರ್ಸ್‌ಫೀಲ್ಡಿನಲ್ಲಾದರೆ ಚಪ್ಪಾಳೆ ತಟ್ಟಿ, ಆಮೇಲೆ ಚಹಾ ಕೊಡುತ್ತಿದ್ದರು.

ಕ್ಯಾನ್ಯೂಟ್ ಗಂಟಲು ಸರಿಮಾಡಿಕೊಂಡ. "ಮಹಾಜನರೇ, ಆರೋಪಿ ಕಟ್ಟಿಕೊಂಡವಳನ್ನ ಅಲ್ಲಿ ಬಿಟ್ಟು ಬಂದಿದ್ದಾನೆ, ಇಲ್ಲಿ ಬಿಟ್ಟ ಮೇಕೇನ ಕಟ್ಟಿಕೊಂಡಿದ್ದಾನೆ. ಇವನಿಗೆ ಕಟ್ಟೋದು ಬಿಡೋದು ಎರಡೂ ತಿರುಗಾಮುರುಗಾ ಆಗಿದೆ. ಚಳಿ ದೇಶದಲ್ಲಿ ತಲೆ ಹೆಪ್ಪುಗಟ್ಟಿದೆ, ಕರಗೋಕೆ ಟೈಮ್ ಕೊಡೋಣ."

ಪದಗಳ ಜೊತೆ ಆಡುವುದು ನನ್ನ ಕಸುಬು. ಆ ಹಾಸ್ಯ ನನ್ನ ಬಾಯಿಂದ ಬರಬೇಕಿತ್ತು. ಮೊದಲು ಲೆಕ್ಕ ಕದ್ದ, ಈಗ ಇದನ್ನೂ ಕದ್ದ.

ಶಿಕ್ಷೆ ಇಷ್ಟು: ಎಲ್ಲರೆದುರು ಸ್ವಂತ ಕೈಯಿಂದ ಹಗ್ಗ ಬಿಚ್ಚಬೇಕು, ಮೇಕೆಗೆ ಗುಡ್ ಆಫ್ಟರ್‌ನೂನ್ ಹೇಳಿ ಕ್ಷಮೆ ಕೇಳಬೇಕು. ಇಡೀ ಮೆರವಣಿಗೆ ನಮ್ಮ ಹಿತ್ತಲಿಗೆ ಬಂತು. ಬೋಗಲ್ಸಿನ ನಾಯಿಗಳೂ ಊರಿನ ಹೆಸರು ಉಳಿಸುತ್ತಾ ಹಿಂದೆ ಬಂದವು. ನಾನು ಕಾಲೇಜಿನ ಟೈ ಕಟ್ಟಿಕೊಂಡೇ ಹೋದೆ. ಅಪಮಾನವಾಗುವುದಾದರೆ ಅಚ್ಚುಕಟ್ಟಾಗಿ ಆಗಲಿ. ಗಂಟು ಬಿಚ್ಚಿದೆ. "ಗುಡ್ ಆಫ್ಟರ್‌ನೂನ್ ಡಚೆಸ್, ತಪ್ಪಾಯ್ತು" ಅಂದೆ. ಅದು ಎರಡು ಹೆಜ್ಜೆ ನಡೆಯಿತು, ನಿಂತಿತು, ವಾಪಸು ಬಂದು ನನ್ನ ಜೇಬಿಗೆ ಮೂತಿ ಹಾಕಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಟ್ಯಾಂಟಿ ಕರೆದರು, ಹೋಗಲಿಲ್ಲ. ಕೊಡೆಯಲ್ಲಿ ತಿವಿದರು, ಹೋಗಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ನನ್ನ ಕೋಟಿನ ಗುಂಡಿ ಹಿಡಿದುಕೊಂಡು ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರವಾಗಿ ನೆನಪಿದೆ: "ಆಲ್ಬನ್, ಸಮುದ್ರ ಚೆನ್ನಾಗಿದೆ, ಗಾಳಿ ಚೆನ್ನಾಗಿದೆ ಅಂತೆಲ್ಲ ಬರೀಬೇಡ. ಅಲ್ಲಿ ಒಬ್ಬರಾದ್ರೂ, ಒಬ್ಬರೇ ಒಬ್ಬರು, ಬಾಯಿಬಿಟ್ಟು 'ಇಲ್ಲೇ ಇರು' ಅಂದ್ರೆ ಬರಿ. ಅವತ್ತೇ ಮನೆ ಮಾರೋ ಕಾಗದಕ್ಕೆ ಸಹಿ ಹಾಕಿ, ಮಂಡಿ ನೋವನ್ನೂ ಮಗಳನ್ನೂ ಬಿಟ್ಟು ಬರ್ತೀನಿ. ಯಾರೂ ಅನ್ನದಿದ್ರೆ ಸುಮ್ಮನೆ ವಾಪಸ್ ಬಾ."

ಹಾಗಿದ್ದರೆ ಕೇಳು. ಆ ನಗುವಿನ ನಡುವೆ ಟ್ಯಾಂಟಿ ಯೂಲಾ ನಾನು ನಿಂತಿದ್ದ ಕಡೆ ನೋಡಿದರು. ಕೊಡೆ ಕೆಳಗಿಟ್ಟರು. ಅವರ ಮುಖ ಮೆತ್ತಗಾಯಿತು. ಊರಿಗೆ ಊರೇ ಕೇಳಿಸಿಕೊಳ್ಳುವ ಹಾಗೆ ಹೇಳಿದರು: "ಎಷ್ಟು ದಿನ ಅಂತ ಅಲೀತೀಯಾ? ನಿನಗೆ ಇಲ್ಲೇ ಹಿತ ಅನ್ನಿಸಿದ್ರೆ ನಾನ್ಯಾಕೆ ಬೇಡ ಅನ್ಲಿ? ಇಲ್ಲೇ ಇರು."

ಇಲ್ಲೇ ಇರು! ಮೂವತ್ತು ಜನ ಸಾಕ್ಷಿ. ನಾನು ಗೆದ್ದೆ ಸಿಸ್ಲಿನ್. ಷರತ್ತು ನಿನ್ನದು, ಗೆಲುವು ನನ್ನದು. ಸಹಿ ಹಾಕು. ದಪ್ಪ ಕೋಟುಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡು. ನಿನಗಾಗಿ ಮುಂದಿನ ಕೋಣೆಗೆ ಹಸಿರು ಬಣ್ಣ ಹೊಡೆಯುತ್ತೇನೆ. ಅಲ್ಲಿಂದ ಸಮುದ್ರ ಕಾಣುತ್ತದೆ (ಬರೀಬೇಡ ಅಂದಿದ್ದೆ, ಆದರೂ ಕಾಣುತ್ತದೆ). ಕ್ಯಾನ್ಯೂಟನ ಹೆಂಡತಿ ಜೋಳದ ಹಿಟ್ಟಿನ ಕೂಕೂ ಮುದ್ದೆ ನಿನಗಿಂತ ಚೆನ್ನಾಗಿ ಮಾಡುತ್ತಾಳೆ. ನೀನು ಬಂದ ಮೇಲೆ ಈ ಅಭಿಪ್ರಾಯ ಬದಲಿಸುತ್ತೇನೆ.

ಮಗಳಿಗೂ ಮೊಮ್ಮಕ್ಕಳಿಗೂ ಅಜ್ಜನ ಮುತ್ತುಗಳು. ನಿನ್ನ ಮಂಡಿಗಳು ಮೆಟ್ಟಿಲಿಲ್ಲದ ಮನೆಯಲ್ಲಿ ನೂರು ವರ್ಷ ನಡೆಯಲಿ. ದೇವರು ನಿನ್ನನ್ನು ಬೆಚ್ಚಗಿಡಲಿ, ಆತನಿಂದಾಗದಿದ್ದರೆ ಇಲ್ಲಿಗೆ ಕಳಿಸಲಿ.

ನಿನ್ನ ಗೆದ್ದ ಗಂಡ,
ಆಲ್ಬನ್ ಲೆಂಡೋರ್

ಮರೆತ ಮಾತು: ಇಲ್ಲಿಗೆ ನಿಲ್ಲಿಸಿ ಲಕೋಟೆ ಅಂಟಿಸಬೇಕೆಂದಿದ್ದೆ. ಆದರೆ ನಿನ್ನ ಚರ್ಚಿನಲ್ಲಿ ಅರ್ಧ ಜನ ನಮ್ಮ ದ್ವೀಪದವರೇ. ಈ ಕಾಗದ ಬರುವುದಕ್ಕೆ ಮೊದಲೇ ಯಾರಾದರೂ ನಿನಗೆ ಫೋನಿನ ಸುದ್ದಿ ಹೇಳಿ ನಗುತ್ತಾರೆ. ಅದಕ್ಕಿಂತ ನಾನೇ ಹೇಳುವುದು ಮೇಲು. ಟ್ಯಾಂಟಿ ಆ ಮಾತು ಹೇಳಿದ್ದು ನಿಜ. ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ತೆಗೆದಿಲ್ಲ. ವ್ಯಾಕರಣದ ಮೇಷ್ಟರು ನಾನು, ಸಂಬೋಧನೆಯನ್ನು ಮಾತ್ರ ಬಿಟ್ಟಿದ್ದೇನೆ. ಅವರು ಹೇಳಿದ್ದು, "ಇಲ್ಲೇ ಇರು, ಡಚೆಸ್."

ಆಮೇಲೆ ನನ್ನ ಕಡೆ ತಿರುಗಿದರು. ಕೋಪ ಏನೂ ಇರಲಿಲ್ಲ, ಪ್ರೀತಿಯಿಂದಲೇ ಕೇಳಿದರು: "ನೀನು ಯಾವಾಗ ವಾಪಸ್ ಹೋಗೋದು, ಮಗಾ?" ಬಸ್ಸಿನಲ್ಲಿ, ಕಾಲೇಜಿನಲ್ಲಿ, ಹಾಲಿನ ಸರದಿಯಲ್ಲಿ, ನಲವತ್ತೆರಡು ವರ್ಷ ಹಡರ್ಸ್‌ಫೀಲ್ಡಿನವರು ನನ್ನನ್ನು ಕೇಳಿದ್ದೂ ಇದನ್ನೇ. ಅಲ್ಲಿ ಥಟ್ಟನೆ ಉತ್ತರ ಕೊಡುತ್ತಿದ್ದೆ. ಇಲ್ಲಿ ಸೀಬೆಮರದ ಹಿಂದೆ ಹೋದೆ.

ಸಹಿ ಹಾಕಬೇಡ. ಕಾಗದ ಹರಿಯಲೂ ಬೇಡ. ಒಂದು ಸಾಲು ಬರೆ ಸಾಕು. ನೀನು ಅಲ್ಲಿಂದ ಬರೆದರೂ ಸರಿ, ಇಲ್ಲಿಗೆ ಬಂದು ಹೇಳಿದರೂ ಸರಿ, 'ಇಲ್ಲೇ ಇರು' ಅಂತ ಯಾರಾದರೂ ಒಬ್ಬರು ನನಗೂ ಅನ್ನಲಿ.

ಬರುವುದಾದರೆ ಎರಡು ಕರವಸ್ತ್ರ ತಾ. ಇದ್ದ ಒಂದನ್ನು ಅವತ್ತೇ ಸೀಬೆಮರದ ಹಿಂದೆ ಮೇಕೆ ತಿಂದುಹಾಕಿತು. ನೆಗಡಿ ಇಲ್ಲದ ಗಂಡಸು ಮರದ ಹಿಂದೆ ನಿಂತು ಕರವಸ್ತ್ರ ಯಾಕೆ ತೆಗೆದಿದ್ದ ಅಂತ ದಯವಿಟ್ಟು ಕೇಳಬೇಡ.